ನನ್ನತ್ತ ಚೆಂಡು ಒದ್ದವರಿಗೆಲ್ಲ

ಈ ಋತುವಿನ ಕೊನೆಯ ಪಂದ್ಯದೊಂದಿಗೆ ನಾನು ವೃತ್ತಿಪರ ಫುಟ್‌ಬಾಲ್‌ನಿಂದ ನಿವೃತ್ತನಾದ ಸುದ್ದಿ ತಿಳಿದು ಹುಬ್ಬಳ್ಳಿ–ಧಾರವಾಡದ ಹಿರಿಯರು, ಗೆಳೆಯರು, ಮುಖಪರಿಚಯವೂ ಇಲ್ಲದ ಎಷ್ಟೋ ಆಟಗಾರರು ಹಾರೈಕೆಯ ಮಾತುಗಳನ್ನು ಬರೆದು ಕಳುಹಿಸಿದ್ದೀರಿ. ಒಬ್ಬೊಬ್ಬರಿಗೂ ಬೇರೆಯಾಗಿ ಉತ್ತರಿಸಬೇಕೆಂಬ ಆಸೆಯಿದ್ದರೂ ಅದು ಸಾಧ್ಯವಾಗದ ಕಾರಣ ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ. ಯಾರ ಬೆಂಬಲವೂ ಇಲ್ಲದೆ ಒಬ್ಬನೇ ದುಡಿದು ಮೇಲೆ ಬಂದವನು ಎಂದು ಹಲವರು ನನ್ನ ಬಗ್ಗೆ ಬರೆದಿದ್ದೀರಿ. ಅದು ಪ್ರೀತಿಯ ಮಾತೇ ಹೌದು. ಆದರೆ ನಿಜವಲ್ಲವಾದ್ದರಿಂದ ಹಾಗೆಯೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಓಟಗಾರ ನಸುಕಿನಲ್ಲಿ ಎದ್ದು ಒಬ್ಬನೇ ಓಡಬಹುದು, ಫಾರ್ವರ್ಡ್ ಆಟಗಾರ ಗೋಡೆಗೆ ಚೆಂಡು ಒದ್ದು ಕಾಲು ಪಳಗಿಸಿಕೊಳ್ಳಬಹುದು. ನನ್ನಂಥ ಗೋಲ್‌ಕೀಪರ್‌ಗೆ ಆ ಅನುಕೂಲವಿಲ್ಲ. ಮತ್ತೊಬ್ಬರು ತಮ್ಮ ಹೊತ್ತನ್ನೂ ಕಾಲಿನ ಕಸುವನ್ನೂ ವ್ಯಯಿಸಿ ಅವನತ್ತ ಚೆಂಡು ಒದೆಯದಿದ್ದರೆ ಅವನ ಕಲಿಕೆ ಆರಂಭವೇ ಆಗುವುದಿಲ್ಲ. ಆದ್ದರಿಂದ ಈ ಬರಹ ನನ್ನತ್ತ ಚೆಂಡು ಒದ್ದವರಿಗೆ ಸಲ್ಲಬೇಕಾದ ಕೃತಜ್ಞತೆ.

ಆಟದ ಲೆಕ್ಕವೂ ಇದನ್ನೇ ಹೇಳುತ್ತದೆ. ಎರಡು ಗೋಲ್ ಕಂಬಗಳ ನಡುವಿನ ಅಗಲ 7.32 ಮೀಟರ್, ಅಡ್ಡಪಟ್ಟಿಯ ಎತ್ತರ 2.44 ಮೀಟರ್. ಪೆನಾಲ್ಟಿ ಒದೆಯುವ ಜಾಗಕ್ಕೂ ಗೋಲ್ ಗೆರೆಗೂ ನಡುವೆ ಇರುವುದು 11 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಆ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟಿ ಬರುತ್ತದೆ. ಚೆಂಡು ಹೊರಟ ಮೇಲೆ ಯೋಚಿಸಿ ಹಾರಲು ಅಷ್ಟು ಹೊತ್ತು ಸಾಲದು. ಒದೆಯುವವನು ನೆಲಕ್ಕೆ ಊರಿದ ಪಾದ ಯಾವ ಕಡೆಗೆ ಮುಖ ಮಾಡಿದೆ, ಸೊಂಟ ಎಷ್ಟು ತಿರುಗಿತು, ಮೈ ಹಿಂದಕ್ಕೆ ಬಾಗಿತೇ ಅಥವಾ ಚೆಂಡಿನ ಮೇಲೆಯೇ ಇತ್ತೇ ಎಂಬುದನ್ನು ಕಣ್ಣು ಮೊದಲೇ ಹಿಡಿದಿರಬೇಕು. ಬಗೆಬಗೆಯ ಕಾಲುಗಳಿಂದ ಬಂದ ಸಾವಿರಾರು ಒದೆತಗಳನ್ನು ಕಂಡ ಕಣ್ಣಿಗೆ ಮಾತ್ರ ಆ ಗುರುತು ಸಿಗುತ್ತದೆ, ಮತ್ತು ಆ ಸಾವಿರಾರು ಒದೆತಗಳಲ್ಲಿ ಒಂದೂ ಕೀಪರ್‌ನದ್ದಾಗಿರುವುದಿಲ್ಲ.

ಮೊದಲನೆಯ ಕೃತಜ್ಞತೆ ನನ್ನ ಅಕ್ಕನಿಗೆ. ಕೇಶ್ವಾಪುರದ ಕಡೆಯ ರೈಲ್ವೆ ಕ್ವಾರ್ಟರ್ಸ್‌ನ ಹಿತ್ತಲಿನಲ್ಲಿ ಎರಡು ಕಲ್ಲುಗಳನ್ನು ಇಟ್ಟು ಗೋಲ್ ಮಾಡಿಕೊಂಡು, ಶಾಲೆಯಿಂದ ಬಂದವಳೇ ಬರಿಗಾಲಿನಲ್ಲಿ ದೀಪ ಹಚ್ಚುವ ಹೊತ್ತಿನವರೆಗೆ ನನ್ನತ್ತ ಚೆಂಡು ಒದೆಯುತ್ತಿದ್ದವಳು ಅವಳು. ಅವಳ ಎಡಗಾಲಿನ ಹೊಡೆತಕ್ಕೆ ಇದ್ದ ಬಿರುಸು, ಮುಂದೆ ನಾನು ಎದುರಿಸಿದ ಹಲವು ವೃತ್ತಿಪರ ಆಟಗಾರರ ಕಾಲಿನಲ್ಲಿಯೂ ಇರಲಿಲ್ಲ ಎಂದು ನಂಬಿದ್ದೇನೆ. ಆಗ ನಮ್ಮ ಸುತ್ತಮುತ್ತ ಹುಡುಗಿಯರಿಗೆ ಸೇರಿಕೊಳ್ಳಲು ಒಂದು ತಂಡವೂ ಇರಲಿಲ್ಲ. ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾದದ್ದು 2016–17ರ ಋತುವಿನಲ್ಲಿ. ಅಷ್ಟರಲ್ಲಿ ಅಕ್ಕ ನವಲಗುಂದ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ, ತಾಯಿಯೂ ಆಗಿದ್ದಳು. ಒಂದು ಮನೆಯಲ್ಲಿ ಇಬ್ಬರಿಗೂ ಇದ್ದ ಆಟದ ಆಸೆಯಲ್ಲಿ ಒಬ್ಬರಿಗೆ ಮಾತ್ರ ದಾರಿ ಸಿಕ್ಕಿತು, ದಾರಿ ಸಿಗದವಳು ಸಿಕ್ಕವನನ್ನು ತಯಾರು ಮಾಡಿದಳು. ಅಕ್ಕ, ಇದನ್ನು ನಿನ್ನ ಎದುರಿಗೆ ಎಂದೂ ಹೇಳಲಾಗಲಿಲ್ಲವೆಂದು ಇಲ್ಲಿ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಎರಡನೆಯದಾಗಿ ನಮ್ಮ ರೈಲ್ವೆ ಮೈದಾನದ ಹಿರಿಯರು. ವರ್ಕ್‌ಶಾಪಿನಲ್ಲಿ ದಿನವಿಡೀ ಕಬ್ಬಿಣದೊಂದಿಗೆ ಗುದ್ದಾಡಿ, ಪಾಳಿ ಮುಗಿಸಿಕೊಂಡು ಸಂಜೆ ಮೈದಾನಕ್ಕೆ ಬರುತ್ತಿದ್ದ ಅಪ್ಪನ ಸಹೋದ್ಯೋಗಿಗಳು, ತಮ್ಮ ಆಟ ಮುಗಿದ ಮೇಲೂ ಮನೆಗೆ ಹೋಗದೆ, ಗೋಲಿನಲ್ಲಿ ನಿಂತ ಹುಡುಗನಿಗಾಗಿ ಇನ್ನಷ್ಟು ಹೊತ್ತು ಉಳಿಯುತ್ತಿದ್ದರು. ನೆಲವೆಲ್ಲ ಗರಸು. ಬಿದ್ದರೆ ಮೊಣಕೈ, ಸೊಂಟ ಎರಡರ ಚರ್ಮವೂ ಸುಲಿಯುತ್ತಿತ್ತು. ಮಳೆಗಾಲದಲ್ಲಿ ಮೈದಾನದ ಒಂದು ಬದಿಯ ಎರೆಮಣ್ಣು ಬೂಟಿಗೆ ಮೆತ್ತಿಕೊಂಡು ಕಾಲು ಎತ್ತುವುದೇ ಕಷ್ಟವಾಗುತ್ತಿತ್ತು. ಅಂಥ ನೆಲದ ಮೇಲೆ ಹೇಗೆ ಬೀಳಬೇಕು, ಮೊದಲು ತೊಡೆಯ ಹೊರಭಾಗ, ಆಮೇಲೆ ಪಕ್ಕೆ, ಕೊನೆಗೆ ಭುಜ ನೆಲಕ್ಕೆ ತಾಗುವಂತೆ ಮೈಯನ್ನು ಹೇಗೆ ಉರುಳಿಸಬೇಕು ಎಂಬುದನ್ನು ಹೇಳಿಕೊಟ್ಟವರು ಯಾವ ಪ್ರಮಾಣಪತ್ರವೂ ಇಲ್ಲದ ಆ ಕಾಕಾಗಳು. ಅವರಲ್ಲೊಬ್ಬರು ನಾನು ಚೆಂಡು ಕೈಬಿಟ್ಟಾಗಲೆಲ್ಲ "ಕೈ ಚೆಂಡಿನ ಹಿಂದ ಇರಬೇಕೋ ತಮ್ಮಾ, ಬಾಜೂಕ ಅಲ್ಲ" ಎಂದು ಕೂಗುತ್ತಿದ್ದರು. ಎರಡು ಹೆಬ್ಬೆರಳುಗಳೂ ಚೆಂಡಿನ ಹಿಂದೆ ಹತ್ತಿರ ಬರುವಂತೆ ಹಿಡಿಯುವುದನ್ನು ಮುಂದೆ ದೊಡ್ಡ ಶಿಬಿರಗಳಲ್ಲಿ ಚಿತ್ರ ಬರೆದು ಕಲಿಸಿದಾಗ, ಅದು ನನ್ನ ಕೈಗೆ ಆಗಲೇ ರೂಢಿಯಾಗಿತ್ತು.

ಅವ್ವ ಚೆಂಡನ್ನು ಒಮ್ಮೆಯೂ ಒದೆಯಲಿಲ್ಲ. ಆದರೆ ಅಪ್ಪ ಸಾಲ ಮಾಡಿ ತಂದುಕೊಟ್ಟ ಮೊದಲ ಗ್ಲೌಸ್ ಜೋಡಿಯನ್ನು ಬಾಳಿಸಿದವಳು ಅವಳು. ಗ್ಲೌಸಿನ ಅಂಗೈಗೆ ಹಚ್ಚಿರುವ ಲೇಟೆಕ್ಸ್ ತುಸು ಒದ್ದೆಯಾಗಿದ್ದರೆ ಚೆಂಡನ್ನು ಚೆನ್ನಾಗಿ ಹಿಡಿಯುತ್ತದೆ, ಬಿಸಿಲಿಗೆ ಒಣಗಿಸಿದರೆ ಬಿರುಕು ಬಿಡುತ್ತದೆ. ಇದನ್ನು ಯಾರೂ ಹೇಳಿಕೊಡದಿದ್ದರೂ ತಾನೇ ಕಂಡುಕೊಂಡು, ಪ್ರತಿ ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಮಣ್ಣು ತೆಗೆದು, ಹಿಂಡದೆ ಮೆಲ್ಲಗೆ ಒತ್ತಿ ಬಚ್ಚಲಿನ ನೆರಳಿನಲ್ಲಿ ತೂಗುಹಾಕುತ್ತಿದ್ದಳು. ಗರಸಿನ ನೆಲದಲ್ಲಿ ಬೇರೆ ಹುಡುಗರ ಗ್ಲೌಸು ಕೆಲವೇ ವಾರಗಳಲ್ಲಿ ಚಿಂದಿಯಾಗುತ್ತಿದ್ದಾಗ ನನ್ನದು ಉಳಿಯುತ್ತಿತ್ತು.

ಧಾರವಾಡದಲ್ಲಿ, ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನನ್ನನ್ನು ತಿದ್ದಿದ ಕೋಚ್ ಸರ್ ಸ್ವತಃ ಗೋಲ್‌ಕೀಪರ್ ಆಗಿದ್ದವರಲ್ಲ. ನನ್ನೊಬ್ಬನಿಗಾಗಿ ಅವರು ಅದನ್ನು ಓದಿ, ಕೇಳಿ ಕಲಿತರು. ಕೀಪರ್ ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಿಂದ ಮುಟ್ಟಬಾರದೆಂಬ ನಿಯಮ ಬಂದದ್ದು 1992ರಲ್ಲಿ. ಆ ನಿಯಮದಿಂದ ಕೀಪರ್‌ನ ಕಾಲಿಗೂ ಕೈಯಷ್ಟೇ ಕೆಲಸ ಬಂದಿದೆಯೆಂದು ಬಹಳ ಬೇಗ ಗುರುತಿಸಿದ ಸರ್, ವಾರಗಟ್ಟಲೆ ನನ್ನನ್ನು ಗೋಲಿನಿಂದ ಹೊರಗೆ ತಂದು ಮಿಡ್‌ಫೀಲ್ಡಿನಲ್ಲಿ ಆಡಿಸಿದರು. ನನಗೆ ಆಗ ಅದು ಶಿಕ್ಷೆಯಂತೆ ತೋರಿತ್ತು. ಮುಂದೆ ಬೆಂಗಳೂರಿನಲ್ಲಿ ಆಯ್ಕೆಯ ದಿನ ನನ್ನನ್ನು ಉಳಿಸಿದ್ದು ಆ ವಾರಗಳೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಗೋಲ್ ಕಾಯ್ದ ಬೆಂಗಳೂರಿನ ಕೆ. ವಿ. ವರದರಾಜ್ ಅವರ ಬಗ್ಗೆ, 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಪೀಟರ್ ತಂಗರಾಜ್ ಅವರ ಬಗ್ಗೆ ಮೊದಲು ಕೇಳಿದ್ದು ಸರ್ ಬಾಯಿಂದಲೇ. ಈ ಕೆಲಸಕ್ಕೂ ಒಂದು ವಂಶಾವಳಿಯಿದೆ ಎಂಬ ಅರಿವನ್ನು ಅವರು ನನಗೆ ಕೊಟ್ಟರು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿ ಬೆಂಗಳೂರಿಗೆ ಹೋದ ಮೇಲಿನ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು: ಸೂಪರ್ ಡಿವಿಷನ್ ಲೀಗ್, ಅಲ್ಲಿಂದ ಬೇರೆ ರಾಜ್ಯದ ಕ್ಲಬ್ಬುಗಳು. ಹೆಚ್ಚಾಗಿ ಗೊತ್ತಿಲ್ಲದಿರುವುದು, ಆ ವರ್ಷಗಳಲ್ಲಿ ಬಹುಪಾಲು ನಾನು ಎರಡನೆಯ ಗೋಲ್‌ಕೀಪರ್ ಆಗಿದ್ದೆ ಎಂಬುದು. ಮೈದಾನದ ಬೇರೆ ಸ್ಥಾನಗಳಲ್ಲಿ ಆಡುವವರಿಗೆ ಪಂದ್ಯದ ನಡುವೆ ಅವಕಾಶ ಸಿಗುತ್ತದೆ. ಕೀಪರ್‌ನನ್ನು ಗಾಯವಾದರೆ ಅಥವಾ ಕೆಂಪು ಕಾರ್ಡ್ ಸಿಕ್ಕರೆ ಹೊರತು ಸಾಮಾನ್ಯವಾಗಿ ಬದಲಿಸುವುದಿಲ್ಲ. ಆದ್ದರಿಂದ ಎರಡನೆಯವನು ಪ್ರತಿ ಪಂದ್ಯಕ್ಕೂ ಪೂರ್ಣವಾಗಿ ಸಿದ್ಧನಾಗಿ, ಪೂರ್ಣವಾಗಿ ಆಡದೆಯೇ ಹಿಂತಿರುಗುತ್ತಾನೆ. ಪಂದ್ಯಕ್ಕೆ ಮುನ್ನ ಮೊದಲನೆಯ ಕೀಪರ್‌ನ ಮೈ ಬಿಸಿಯಾಗುವಂತೆ ಅವನತ್ತ ಚೆಂಡು ಒದೆಯುವುದು, ಎರಡೂ ಬದಿಯಿಂದ ಗೋಲಿನ ಮುಂದಕ್ಕೆ ಚೆಂಡು ಎತ್ತಿ ಒದೆಯುವುದು, ಅಂದರೆ ಕ್ರಾಸ್ ಹಾಕುವುದು, ನನ್ನ ಕೆಲಸವಾಗಿತ್ತು. ಬಾಲ್ಯದಿಂದ ಬೇರೆಯವರು ನನಗಾಗಿ ಮಾಡಿದ್ದನ್ನು ನಾನು ಇನ್ನೊಬ್ಬರಿಗೆ ಮಾಡುವ ಸರದಿ ಅದು.

ಹಾಗೆ ನಾನು ಯಾರಿಗೆ ಒದೆಯುತ್ತಿದ್ದೆನೋ ಆ ಹಿರಿಯ ಕೀಪರ್‌ಗೆ ನನ್ನ ಋಣ ತೀರುವಂಥದ್ದಲ್ಲ. ಒಂದೇ ಜಾಗಕ್ಕೆ ಇಬ್ಬರು ಕಾದಿರುವಾಗ ಒಬ್ಬರ ಏಳಿಗೆ ಇನ್ನೊಬ್ಬರಿಗೆ ನಷ್ಟವೆಂದು ಎಣಿಸುವುದು ಸುಲಭ. ಅವರು ಎಂದೂ ಹಾಗೆ ಎಣಿಸಲಿಲ್ಲ. ತೊಂಬತ್ತು ನಿಮಿಷ ಆಡಿ ಬಂದ ಮರುದಿನ, ತಾವು ವಿಶ್ರಾಂತಿ ತೆಗೆದುಕೊಳ್ಳಬೇಕಾದ ಬೆಳಿಗ್ಗೆ, ಆಡದವರ ಅಭ್ಯಾಸಕ್ಕೆ ಬಂದು ನನ್ನತ್ತ ಚೆಂಡು ಒದೆಯುತ್ತಿದ್ದರು. ಮೈದಾನದ ಮೂಲೆಯಿಂದ ಒದೆಯುವ ಕಾರ್ನರ್ ಬಂದಾಗ ಗೋಲ್ ಗೆರೆಯಿಂದ ಯಾವ ಕ್ಷಣ ಹೊರಡಬೇಕು, ಮೇಲೆ ನೆಗೆಯುವಾಗ ಎದುರಾಳಿಯ ಕಡೆಯ ಮೊಣಕಾಲನ್ನು ಎತ್ತಿ ಮೈಯನ್ನು ಹೇಗೆ ಕಾಯ್ದುಕೊಳ್ಳಬೇಕು, ರಕ್ಷಕರನ್ನು ಹೆಸರು ಹಿಡಿದು ಎಷ್ಟು ಚಿಕ್ಕ ಮಾತಿನಲ್ಲಿ ಎಚ್ಚರಿಸಬೇಕು ಎಂಬುದನ್ನೆಲ್ಲ ಮುಚ್ಚಿಡದೆ ಕಲಿಸಿದರು. 2011ರ ಏಷ್ಯನ್ ಕಪ್ ಫುಟ್‌ಬಾಲ್‌ನಲ್ಲಿ ದೋಹಾದಲ್ಲಿ ಭಾರತ ಆಡಿದ ಪಂದ್ಯಗಳನ್ನು ನಾವಿಬ್ಬರೂ ಕ್ಲಬ್ಬಿನ ವಸತಿಯಲ್ಲಿ ಕುಳಿತು ನೋಡಿದೆವು. ಆಸ್ಟ್ರೇಲಿಯಾ ಎದುರು 4–0, ಬಹರೇನ್ ಎದುರು 5–2, ದಕ್ಷಿಣ ಕೊರಿಯಾ ಎದುರು 4–1ರಿಂದ ಭಾರತ ಸೋತಿತು. ಹದಿಮೂರು ಗೋಲು ಬಿಟ್ಟುಕೊಟ್ಟ ಆ ಕೂಟದಲ್ಲಿ ಎಲ್ಲರ ಬಾಯಲ್ಲೂ ಇದ್ದ ಭಾರತೀಯನೆಂದರೆ ಗೋಲ್‌ಕೀಪರ್ ಸುಬ್ರತಾ ಪಾಲ್. ಹಾರಾಟವನ್ನು ನೋಡಬೇಡ, ಹಾರುವ ಮುನ್ನ ಆತ ಎಲ್ಲಿ ನಿಂತಿದ್ದಾನೆಂದು ನೋಡು ಎಂದು ಆ ಹಿರಿಯ ಕೀಪರ್ ನನಗೆ ಹೇಳಿದ್ದರು. ಅಂದಿನಿಂದ ನಾನು ಆಟವನ್ನು ಬೇರೆ ಕಣ್ಣಿನಿಂದ ನೋಡಲು ಕಲಿತೆ.

ಅಂತೂ ಮೊದಲನೆಯ ಸ್ಥಾನ ಸಿಕ್ಕ ಋತುವಿನಲ್ಲಿಯೇ, ಕ್ರಾಸ್ ಹಿಡಿದು ಇಳಿಯುವಾಗ ಮೊಣಕಾಲು ಒಳಕ್ಕೆ ತಿರುಚಿ ಒಳಗಿನ ಮುಖ್ಯ ಸ್ನಾಯುಬಂಧ, ಆಟಗಾರರು ಎಸಿಎಲ್ ಎನ್ನುವುದು, ಹರಿದುಹೋಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜುವಿನ ಒಂದು ಭಾಗವನ್ನು ತೆಗೆದು ಅಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆ ಆಯಿತು. ಅದಾದ ಮೇಲೆ ಒಂಬತ್ತು ತಿಂಗಳಿಗೆ ಮೊದಲು ಪಂದ್ಯಕ್ಕೆ ಇಳಿಯಬಾರದೆಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಅಷ್ಟರಲ್ಲಿ ಕ್ಲಬ್ಬಿನ ಒಪ್ಪಂದ ಮುಗಿದು, ಬರಬೇಕಿದ್ದ ಸಂಬಳವೂ ಬಾರದೆ, ನಾನು ಹುಬ್ಬಳ್ಳಿಗೆ ಮರಳಿದೆ. ಆ ಕಾಲದಲ್ಲಿ ಮನೆಯನ್ನು ನಡೆಸಿದವಳು ನನ್ನ ಹೆಂಡತಿ. ತನ್ನ ಕೆಲಸ, ಚಿಕ್ಕ ಮಗು, ನಡೆಯಲಾರದ ಗಂಡ ಇವೆಲ್ಲವನ್ನೂ ಹೊತ್ತುಕೊಂಡು, ಆಟ ಬಿಡೆಂಬ ಮಾತನ್ನು ಅವಳು ಒಂದು ಸಲವೂ ಆಡಲಿಲ್ಲ. ಕಿರಾಣಿ ಅಂಗಡಿಯ ಮಾಲೀಕರು ತಿಂಗಳುಗಟ್ಟಲೆ ಉದ್ರಿ ಬರೆದುಕೊಂಡು ಸುಮ್ಮನಿದ್ದರು.

ನನ್ನನ್ನು ಮತ್ತೆ ನಿಲ್ಲಿಸಿದ ಫಿಸಿಯೋಥೆರಪಿಸ್ಟ್ ಮೇಡಂ ಅವರನ್ನು ಇಲ್ಲಿ ನೆನೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಮೊದಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಟೆನಿಸ್ ಚೆಂಡು ಎಸೆದರು. ಬಳಿಕ ಒಂದು ಕಾಲಿನ ಮೇಲೆ ನಿಲ್ಲಿಸಿ ಎಸೆದರು. ಕೊನೆಗೆ, ಜೀವನದಲ್ಲಿ ಎಂದೂ ಫುಟ್‌ಬಾಲ್ ಆಡದವರು, ಬೆಳಿಗ್ಗೆ ತಮ್ಮ ದವಾಖಾನೆ ತೆರೆಯುವುದಕ್ಕೆ ಮುಂಚೆ ಉಣಕಲ್ ಕೆರೆಯ ಹತ್ತಿರದ ಹುಲ್ಲಿನ ಮೇಲೆ ನನ್ನತ್ತ ಚೆಂಡು ಒದೆಯುವುದನ್ನು ಕಲಿತರು. ಮೊಣಕಾಲು ಗಟ್ಟಿಯಾದರೂ ಅದರ ಮೇಲೆ ಬೀಳಲು ಮನಸ್ಸು ಹೆದರುತ್ತದೆ. ಆ ಹೆದರಿಕೆ ಮಾತಿನಿಂದ ಹೋಗುವಂಥದ್ದಲ್ಲ, ಮೆಲ್ಲಗೆ ಬಂದ ಚೆಂಡಿನಿಂದ ಆರಂಭಿಸಿ ದಿನದಿನವೂ ತುಸು ಹೆಚ್ಚು ಬಿರುಸಿನ ಚೆಂಡಿಗೆ ಬಿದ್ದು ಏಳುವುದರಿಂದ ಮಾತ್ರ ಹೋಗುತ್ತದೆ ಎಂಬುದನ್ನು ಅವರು ನನಗಿಂತ ಮೊದಲೇ ಅರಿತಿದ್ದರು. ಆಮೇಲೆ ನಾನು ಆಡಿದ ಪ್ರತಿಯೊಂದು ಪಂದ್ಯದಲ್ಲಿಯೂ ಅವರ ಪಾಲಿದೆ.

ನನ್ನ ಎದುರು ಆಡಿದ ಫಾರ್ವರ್ಡ್ ಆಟಗಾರರಿಗೂ, ಅಭ್ಯಾಸ ಮುಗಿದ ಮೇಲೆ "ಇನ್ನೊಂದು ಹತ್ತು" ಎಂದು ಕೇಳಿದಾಗ ಇಲ್ಲವೆನ್ನದ ನನ್ನ ತಂಡದವರಿಗೂ, ನೆಹರೂ ಮೈದಾನದಲ್ಲಿ ಗೋಲಿನ ಹಿಂದೆ ನಿಂತು ನಾನು ಸೋತ ದಿನವೂ ಹೆಸರು ಕೂಗಿದ ಹುಬ್ಬಳ್ಳಿಯ ಜನರಿಗೂ ವಂದನೆಗಳು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ, ರಾಜ್ಯ ತಂಡಗಳು ಸೆಣಸುವ ಸಂತೋಷ್ ಟ್ರೋಫಿ ಗೆದ್ದಾಗ ಮನೆಯಲ್ಲಿ ಕಣ್ಣೀರಿಟ್ಟೆ. ಅದೇ ವರ್ಷದ ಜುಲೈನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ, ದಕ್ಷಿಣ ಏಷ್ಯಾ ಫುಟ್‌ಬಾಲ್ ಕೂಟವಾದ ಸ್ಯಾಫ್‌ನ ಫೈನಲ್‌ನ ಪೆನಾಲ್ಟಿಗಳಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು ಕುವೈತ್‌ನ ಕೊನೆಯ ಒದೆತವನ್ನು ತಡೆದದ್ದನ್ನು ಕಣ್ಣಾರೆ ಕಂಡೆ. ಅಂದು ನನ್ನ ಸುತ್ತ ಕುಳಿತವರೆಲ್ಲ ಅವರ ಕೈಗಳನ್ನು ಹೊಗಳುತ್ತಿದ್ದರು. ನನಗೆ ಮಾತ್ರ ಅಭ್ಯಾಸದ ಮೈದಾನಗಳಲ್ಲಿ ಅವರತ್ತ ಚೆಂಡು ಒದ್ದವರು ಯಾರೆಲ್ಲ ಇರಬಹುದೆಂಬ ಯೋಚನೆ ಬಂದಿತ್ತು.

ಮುಂದಿನ ತಿಂಗಳಿನಿಂದ ಹುಬ್ಬಳ್ಳಿಯಲ್ಲಿಯೂ ಧಾರವಾಡದಲ್ಲಿಯೂ ಗೋಲ್‌ಕೀಪರ್ ಆಗಬಯಸುವ ಹುಡುಗ ಹುಡುಗಿಯರಿಗೆ ಶುಲ್ಕವಿಲ್ಲದೆ ತರಬೇತಿ ಕೊಡಲು ಆರಂಭಿಸುತ್ತೇನೆ. ಅಕ್ಕ ಶನಿವಾರಗಳಂದು ಬರಲು ಒಪ್ಪಿದ್ದಾಳೆ. ರೈಲ್ವೆ ಮೈದಾನದ ಕಾಕಾಗಳಲ್ಲಿ ಒಬ್ಬಿಬ್ಬರು, ಈಗ ಓಡಲಾಗದಿದ್ದರೂ ನಿಂತಲ್ಲಿಂದಲೇ ಒದೆಯುತ್ತೇವೆ ಎಂದಿದ್ದಾರೆ. ಆಟ ಬಿಟ್ಟು ಎಷ್ಟೋ ವರ್ಷಗಳಾದ ಗೆಳೆಯರು ನಮ್ಮೂರಿನಲ್ಲಿ ಬಹಳ ಮಂದಿ ಇದ್ದೀರಿ. ವಾರಕ್ಕೊಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ನೀವೂ ಬನ್ನಿ. ಬೂಟು ಇಲ್ಲದಿದ್ದರೂ ನಡೆಯುತ್ತದೆ, ಚೆಂಡುಗಳನ್ನು ನಾನು ತಂದಿಟ್ಟಿರುತ್ತೇನೆ.