ಮರ ಹೋಗಿ ಹಂದಿ ಬಂತು

ಮಾನ್ಯರೇ,

ಇಂಗ್ಲೆಂಡಿನ ಯಾರ್ಕ್ ಎಂದರೆ ಕಾಡುಹಂದಿಯ ಊರು ಎಂದು ಕಳೆದ ವಾರ ಓದುಗರೊಬ್ಬರು ಬರೆದಿದ್ದರು. ಅದು ಅರ್ಧ ನಿಜ ಅಷ್ಟೇ. ಕ್ರಿ.ಶ. 71ರಲ್ಲಿ ಕೋಟೆ ಕಟ್ಟಿದ ರೋಮನ್ನರು ಊರನ್ನು ಎಬೊರಾಕಮ್ ಎಂದರು. ಅದು ಅಲ್ಲಿಯ ಹಳೆಯ ಕೆಲ್ಟಿಕ್ ಮಾತು. ಯೂ ಎಂಬ ನಿತ್ಯಹಸಿರು ಮರಗಳಿರುವ ಜಾಗ ಎಂಬ ಅರ್ಥವನ್ನೇ ಜಾಸ್ತಿ ಜನ ಒಪ್ಪುತ್ತಾರೆ. ಆಮೇಲೆ ಜರ್ಮನಿ ಕಡೆಯಿಂದ ಬಂದ ಆಂಗ್ಲರೆಂಬ ಜನಕ್ಕೆ ಈ ಹೆಸರಿನ ತಲೆಬುಡ ತಿಳಿಯಲಿಲ್ಲ. ಅವರ ಮಾತಿನಲ್ಲಿ ಎಒಫರ್ ಅಂದರೆ ಕಾಡುಹಂದಿ. ಕಿವಿಗೆ ಹಾಗೇ ಕೇಳಿಸಿತು, ಎಒಫರ್‌ವಿಕ್ ಎಂದು ಕರೆದರು. 866ರಲ್ಲಿ ಊರು ಹಿಡಿದ, ಸ್ಕ್ಯಾಂಡಿನೇವಿಯಾ ಕಡೆಯ ವೈಕಿಂಗರು ಅದನ್ನೂ ತಿರುಚಿ ಯೋರ್ವಿಕ್ ಮಾಡಿದರು. ಸವೆದು ಸವೆದು ಯಾರ್ಕ್ ಆಯಿತು. 1664ರಲ್ಲಿ ಯಾರ್ಕ್‌ನ ಡ್ಯೂಕ್ ಹೆಸರಲ್ಲಿ ನ್ಯೂಯಾರ್ಕ್ ಬಂತು.

ನಾನು ಅಂಚೆ ಇಲಾಖೆಯಲ್ಲಿದ್ದವನು, ವಿಳಾಸ ಹುಡುಕುವುದರಲ್ಲಿ ಪಳಗಿದ ಕೈ. ಆದರೂ ಮಗಳ ಮನೆಗೆ ಲೀಡ್ಸ್‌ಗೆ ಹೋದಾಗ ಯಾರ್ಕ್ ನೋಡಲು ಹೋಗಿ ಬೇಸ್ತುಬಿದ್ದೆ. ಸ್ಟೋನ್‌ಗೇಟ್ ಎಂಬ ಫಲಕದ ಕೆಳಗೆ ನಿಂತು ಗೇಟು ಎಲ್ಲಿ ಎಂದು ಸುತ್ತ ನೋಡಿದೆ. ಬರೀ ಕಲ್ಲು ಹಾಸಿದ ಬೀದಿ. ವೈಕಿಂಗರ ಮಾತಿನಲ್ಲಿ ಗಾಟಾ ಅಂದರೆ ಬೀದಿಯಂತೆ. ಮಿಕಲ್‌ಗೇಟ್ ಎಂದರೆ ದೊಡ್ಡ ಬೀದಿ. ಹಾಗಾದರೆ ಕೋಟೆಬಾಗಿಲಿಗೆ ಏನನ್ನುತ್ತಾರೆ? ಬಾರ್!

‘ಮಿಕಲ್‌ಗೇಟ್ ಬಾರ್ ಹತ್ತಿರ ಇದ್ದೀನಿ’ ಎಂದು ಫೋನ್ ಮಾಡಿದಾಗ ನಮ್ಮ ಮನೆಯವರು, ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?’ ಎಂದು ಫೋನ್ ಇಟ್ಟೇಬಿಟ್ಟರು.

– ನಿವೃತ್ತ ಅಂಚೆ ನೌಕರ, ಶಿವಮೊಗ್ಗ