ಮಾವನವರ ರಿಪೋರ್ಟ್ ಬಂತು, ಎಲ್ಲರಿಗೂ ಥ್ಯಾಂಕ್ಸ್

ಮಾವನವರ ಕೊನೆಯ ಪರೀಕ್ಷೆ ನೆಗೆಟಿವ್ ಬಂದಿದೆ. ಹುಣ್ಣಿಗೆ ಕಾರಣವಾಗಿದ್ದ ಬ್ಯಾಕ್ಟೀರಿಯಾ ಈಗ ಹೊಟ್ಟೆಯಲ್ಲಿ ಇಲ್ಲ. ಮಾವ ಮತ್ತೆ ಟೊಮೇಟೊ ತೋಟಕ್ಕೆ ಹೋಗುತ್ತಿದ್ದಾರೆ, ಬೆಳಿಗ್ಗೆಯಿಂದ ಎಲ್ಲರ ಮೇಲೂ ರೇಗುತ್ತಿದ್ದಾರೆ. ಪೂರ್ತಿ ಹುಷಾರಾಗಿದ್ದಾರೆ ಅಂತ ಅರ್ಥ! ಆಸ್ಪತ್ರೆ ಓಡಾಟದಲ್ಲಿ ಎಷ್ಟೋ ಜನಕ್ಕೆ ನೆಟ್ಟಗೆ ಒಂದು ಮಾತೂ ಹೇಳಲಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಥ್ಯಾಂಕ್ಸ್ ನಮ್ಮೂರಿನ ಆಶಾ ಕಾರ್ಯಕರ್ತೆಗೆ, ನಾವು ಕರೆಯೋದು ಆಶಾ ಅಕ್ಕ ಅಂತ. ಅವರು ಬಂದಿದ್ದು ಪಕ್ಕದ ಮನೆ ಮಗುವಿನ ಲಸಿಕೆ ವಿಷಯಕ್ಕೆ. ಜಗಲಿಯ ಮೇಲೆ ಕೂತಿದ್ದ ಮಾವನ ಮುಖ ಬಿಳಿಚಿಕೊಂಡಿದ್ದು ನೋಡಿ ನಿಂತರು. ನಾವೆಲ್ಲ ಊಟ ಸೇರುತ್ತಾ, ನಿದ್ದೆ ಬರುತ್ತಾ ಅಂತಲೇ ಕೇಳುತ್ತಿದ್ದೆವು. ಮಾವನದು ಒಂದೇ ಉತ್ತರ, "ಏನೂ ಇಲ್ಲಮ್ಮ, ಗ್ಯಾಸ್ಟ್ರಿಕ್ ಅಷ್ಟೇ." ಆಶಾ ಅಕ್ಕ ನೇರವಾಗಿ ಕೇಳಿದರು, "ಯಜಮಾನ್ರೇ, ಹೊರಕಡೆಗೆ ಹೋದಾಗ ಬಣ್ಣ ಹೇಗಿರುತ್ತೆ?" ಸೊಸೆಯರ ಮುಂದೆ ಇಂಥ ಪ್ರಶ್ನೆ ಅಂತ ಮಾವನಿಗೆ ಸಂಕೋಚ. ಆಮೇಲೆ ಮೆಲ್ಲಗೆ ಬಾಯಿಬಿಟ್ಟರು. ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ. ಕಬ್ಬಿಣದ ಮಾತ್ರೆ ಏನಾದರೂ ತಗೊಳ್ತಿದ್ದೀರಾ ಅಂತ ಮರುಪ್ರಶ್ನೆ. ಅದರಿಂದಲೂ ಮಲ ಕಪ್ಪಾಗುತ್ತದೆ. ಇಲ್ಲ ಅಂದಾಗ, "ಹಾಗಾದ್ರೆ ನಾಳೆ ಅನ್ನಬೇಡಿ, ಈಗಲೇ ಹೊರಡಿ" ಅಂದರು. ಹೊಟ್ಟೆಯೊಳಗೆ ಎಲ್ಲೋ ರಕ್ತ ಸೋರುತ್ತಿತ್ತು. ಅದು ಆಮ್ಲಕ್ಕೆ ಸಿಕ್ಕಿ, ಕರುಳೆಲ್ಲ ದಾಟಿ ಹೊರಬರುವಾಗ ಕೆಂಪು ಉಳಿದಿರಲಿಲ್ಲ.

ಮುಳಬಾಗಿಲಿನಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 6. ಗಂಡಸರಿಗೆ 13ಕ್ಕಿಂತ ಜಾಸ್ತಿ ಇರಬೇಕು. ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರ್ ಸುಮ್ನೆ ಡ್ರಿಪ್ ಹಾಕಿ ಮಲಗಿಸದೆ, ಕೂಡಲೇ ಆಂಬುಲೆನ್ಸ್‌ನಲ್ಲಿ ಕೋಲಾರಕ್ಕೆ ಕಳಿಸಿದರು. ಅಲ್ಲಿಗೆ ಫೋನ್ ಮಾಡಿ ಎಲ್ಲ ವಿವರ ಹೇಳಿಯೂ ಇಟ್ಟಿದ್ದರು. ಅವರಿಗೆ ಇನ್ನೊಮ್ಮೆ ನಮಸ್ಕಾರ.

ಮಾವನದು ಓ ನೆಗೆಟಿವ್ ರಕ್ತ. ಬೇಕೆಂದಾಗ ಸಿಗುವ ಗುಂಪಲ್ಲ. ನನ್ನ ತಮ್ಮ ಫೋನ್ ಗುಂಪುಗಳಲ್ಲಿ ಹಾಕಿದ ಒಂದು ಮೆಸೇಜ್ ನೋಡಿ ಗುರುತು ಪರಿಚಯ ಇಲ್ಲದವರು ಬಂದು ಕೊಟ್ಟರು. ನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ರಜೆ ಹಾಕಿ ಬಂದಿದ್ದ. ಜ್ಯೂಸ್ ಕುಡಿದು ಹೋಗಪ್ಪ ಅಂದರೂ ನಿಲ್ಲಲಿಲ್ಲ.

ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಅಂದರೆ ಮಾವನಿಗೆ ಆಪರೇಷನ್ ಅನ್ನೋ ಭಯ. ಅಲ್ಲಿದ್ದ ಸಿಸ್ಟರ್ ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು, ಎಡಗಡೆಗೆ ಮಲಗಿಸಿ, ಮುಗಿಯುವವರೆಗೂ ಅವರ ಕೈ ಹಿಡಿದುಕೊಂಡಿದ್ದರು. ಸಣ್ಣ ಕರುಳು ಶುರುವಾಗುವ ಜಾಗದಲ್ಲೇ ಹುಣ್ಣು. ಡಾಕ್ಟರಮ್ಮ ಅದೇ ನಳಿಕೆಯ ಮೂಲಕ ಇಂಜೆಕ್ಷನ್ ಕೊಟ್ಟು, ಪುಟ್ಟ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಒಂದು ಹೊಲಿಗೆಯೂ ಇಲ್ಲ. ಹೊಟ್ಟೆಯ ಪದರದಿಂದ ಚೂರು ಮಾಂಸ ತೆಗೆದು ಹಳದಿ ಬಣ್ಣದ ಪರೀಕ್ಷೆಗೆ ಹಾಕಿದರು. ಅದು ಗುಲಾಬಿ ಬಣ್ಣಕ್ಕೆ ತಿರುಗಿತು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಇದ್ದರೆ ಹಾಗಾಗುತ್ತದಂತೆ.

ಇನ್ನೊಂದು ಕಾರಣ ಮಾವನ ಜೇಬಿನಲ್ಲೇ ಇತ್ತು. 15 ಕೆಜಿಯ ಟೊಮೇಟೊ ಬಾಕ್ಸ್ ಎತ್ತಿ ಎತ್ತಿ ಅವರಿಗೆ ಸೊಂಟ ನೋವು. ಅದಕ್ಕೆ ಒಂದು ಕ್ಲಿನಿಕ್‌ನಲ್ಲಿ, ಹೆಸರು ಬೇಡ ಬಿಡಿ, ತಿಂಗಳುಗಟ್ಟಲೆ ನೋವಿನ ಮಾತ್ರೆ ಕೊಟ್ಟಿದ್ದರು. ಹೊಟ್ಟೆ ಉರಿ ಅಂದಾಗ ಅದರ ಜೊತೆಗೆ ಒಂದು ಗ್ಯಾಸ್ ಮಾತ್ರೆ. ಆ ನೋವಿನ ಮಾತ್ರೆಗಳು ಹೊಟ್ಟೆಯ ಒಳಪದರಕ್ಕೆ ಇರುವ ರಕ್ಷಣೆಯನ್ನೇ ಕಡಿಮೆ ಮಾಡುತ್ತವೆ. ಬ್ಯಾಕ್ಟೀರಿಯಾನೂ ಸೇರಿದರೆ ಕೇಳಬೇಕಾ? ಇದು ಗೊತ್ತಾಗಿದ್ದು ನಮ್ಮ ಮೆಡಿಕಲ್ ಸ್ಟೋರಿನ ಹುಡುಗಿಯಿಂದ. ಮಾವ ಏನೇನು ತಗೊಂಡಿದ್ದರೋ ಎಲ್ಲವನ್ನೂ ಬಿಲ್ ನೋಡಿ ಒಂದು ಹಾಳೆಯಲ್ಲಿ ಬರೆದುಕೊಟ್ಟಳು. ಡಾಕ್ಟರಮ್ಮ ಆ ಹಾಳೆಯನ್ನು ಫೈಲಿಗೇ ಹಾಕಿಕೊಂಡರು.

ಡಾಕ್ಟರಮ್ಮನಿಗೆ ನಮ್ಮ ಅತ್ತೆ ಬೇರೆ ಕಾರಣಕ್ಕೆ ಋಣಿ. ನೋಡಲು ಬಂದ ನೆಂಟರೆಲ್ಲ, "ಖಾರ ಜಾಸ್ತಿ ಹಾಕ್ತೀಯ, ಅದಕ್ಕೇ ಹಿಂಗಾಯ್ತು" ಅಂತ ಅತ್ತೆಗೆ ಹೇಳಿದ್ದೇ ಹೇಳಿದ್ದು. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಅತ್ತಿದ್ದೂ ಉಂಟು. ಖಾರದಿಂದ ಹುಣ್ಣಾಗಲ್ಲ, ಇರುವ ಹುಣ್ಣು ಉರಿಯಬಹುದು ಅಷ್ಟೇ ಅಂತ ಡಾಕ್ಟರಮ್ಮ ಎಲ್ಲರೆದುರೇ ಹೇಳಿದರು. ಮುದ್ದೆ, ಸಾರು ಯಾವುದೂ ಬಿಡಬೇಕಿಲ್ಲ, ಒಗ್ಗಿದ್ದನ್ನು ತಿನ್ನಿ ಅಂದರು. ಬೀಡಿ ಮಾತ್ರ ಬಿಡಿಸಿದರು. ನಮ್ಮ ಮನೆ ಬಸ್ಸಾರಿನ ಮೇಲಿದ್ದ ಅಪವಾದ ಅವತ್ತಿಗೆ ಹೋಯಿತು.

ಅಂಥ ಆಮ್ಲದಲ್ಲಿ ಹುಳ ಬದುಕುತ್ತಾ ಅಂತ ಮಾವನಿಗೆ ನಂಬಿಕೆ ಬರಲಿಲ್ಲ. ಡಾಕ್ಟರುಗಳೇ ಬಹಳ ಕಾಲ ನಂಬಿರಲಿಲ್ಲವಂತೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದ್ದರು. ಯಾರೂ ಒಪ್ಪದಿದ್ದಾಗ 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನೇ ಕುಡಿದುಬಿಟ್ಟರು. ಕೆಲವೇ ದಿನದಲ್ಲಿ ವಾಂತಿ, ಹೊಟ್ಟೆಯೊಳಗೆ ಊತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಕುಡಿಯುವ ಮುಂಚೆ ಅವರು ಹೆಂಡತಿಗೂ ಹೇಳಿರಲಿಲ್ಲ ಅಂದಾಗ ಮಾವ ಅತ್ತೆಯ ಕಡೆ ನೋಡಿ, "ಹೇಳಿದ್ರೆ ಬಿಡ್ತಾರಾ?" ಅಂದರು. ಅಷ್ಟು ದಿನದ ಮೇಲೆ ನಾವು ನಕ್ಕಿದ್ದು ಆಗಲೇ.

ಆಮೇಲೆ 14 ದಿನ ಆ್ಯಂಟಿಬಯಾಟಿಕ್. ಅದು ಸುಲಭದ ಮಾತಲ್ಲ. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗೆ ಅಂತ ಮಾವನ ಗೋಳು. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗುವುದಿಲ್ಲ ಅಂತ ಮೊಮ್ಮಗಳು ಹಟ ಹಿಡಿದು ನುಂಗಿಸಿದಳು.

ಲ್ಯಾಬ್‌ನ ಅಣ್ಣನನ್ನು ಮರೆಯುವ ಹಾಗಿಲ್ಲ. ಹೋಯಿತಾ ಇಲ್ಲವಾ ನೋಡಲು ರಕ್ತ ಪರೀಕ್ಷೆ ಮಾಡಿ ಅಂತ ನನ್ನ ಗಂಡ ಕೇಳಿದರೆ, ಬರುವ ದುಡ್ಡನ್ನೇ ಬೇಡ ಅಂದರು. ಗುಣವಾದ ಮೇಲೂ ರಕ್ತದಲ್ಲಿ ಗುರುತು ಉಳಿದಿರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಆ್ಯಂಟಿಬಯಾಟಿಕ್ ಮುಗಿದು ನಾಲ್ಕು ವಾರವಾದರೂ ಕಳೆಯಬೇಕು, ಪರೀಕ್ಷೆಗೆ ಎರಡು ವಾರ ಮುಂಚೆ ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ಡಾಕ್ಟರನ್ನು ಕೇಳಿ ನಿಲ್ಲಿಸಬೇಕು, ಆಮೇಲೆ ಮಲದ ಪರೀಕ್ಷೆ ಮಾಡಿಸಿ ಅಂದರು. ಆ ಡಬ್ಬಿಯನ್ನು ಮಾವ ಕಪ್ಪು ಕವರಿನಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ, ಕಳ್ಳಮಾಲಿನ ಥರ ತಗೊಂಡು ಹೋದರು!

ನಮ್ಮ ತೋಟಕ್ಕೆ ನೀರು ಬಿಟ್ಟ, ಹಣ್ಣು ಕಿತ್ತು ಮಂಡಿಗೆ ಹಾಕಿ ಲೆಕ್ಕ ತಂದುಕೊಟ್ಟ ಪಕ್ಕದ ಹೊಲದವರಿಗೆ ಏನು ಹೇಳಲಿ? ಈಗ ಬಾಕ್ಸ್ ಎತ್ತುವುದೂ ಅವರ ಮಕ್ಕಳೇ. ಸೊಂಟಕ್ಕೆ ಪ್ಯಾರಾಸಿಟಮಾಲ್ ಮತ್ತು ವ್ಯಾಯಾಮ ಅಂತ ಡಾಕ್ಟರಮ್ಮ ಹೇಳಿದ್ದಾರೆ, ಅದರಲ್ಲಿ ವ್ಯಾಯಾಮ ಇನ್ನೂ ಶುರುವಾಗಿಲ್ಲ.

ಅವತ್ತು ಕೋಲಾರದಲ್ಲಿ ರಕ್ತ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಳಬಾಗಿಲಿಗೆ ಬನ್ನಿ. ದೋಸೆ ನಮ್ಮ ಲೆಕ್ಕ. ಮಾವನೂ ಜೊತೆಗೆ ಬರ್ತಾರಂತೆ.