ವಿಂಟರ್ ಟೈರ್ ಹೋಲಿಕೆ: ಮೊದಲು ರಸ್ತೆ ಯಾವ್ದು ಅಂತ ಹೇಳಿ, ಆಮೇಲೆ ರ್‍ಯಾಂಕ್ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಚಳಿಗಾಲ ಹತ್ರ ಬಂದ್ರೆ ಸಾಕು, ವಾಹನ ಪುಟಗಳಲ್ಲಿ ವಿಂಟರ್ ಟೈರ್ ಹೋಲಿಕೆ ಶುರುವಾಗತ್ತೆ. ಒಂದಷ್ಟು ಕಂಪನಿಗಳ ಟೈರ್ ಪಕ್ಕಪಕ್ಕ ಇಟ್ಟು, ಮಾರ್ಕ್ಸ್ ಕೊಟ್ಟು, ಕೊನೆಗೆ ಒಂದನ್ನ ಈ ಸಲದ ಬೆಸ್ಟ್ ಅಂತ ಘೋಷಣೆ ಮಾಡಿ ಮುಗಿಸಿಬಿಡ್ತಾರೆ. ಹಿಮ ಬೀಳೋ ದೇಶಗಳಲ್ಲಿ ಕಾರು ಓಡಿಸೋ ಕನ್ನಡದವರು ಈಗ ಸಾಕಷ್ಟು ಜನ ಇದಾರೆ, ಹೊಸದಾಗಿ ಹೋದವರಂತೂ ಆ ಒಂದು ಸಾಲು ಓದಿ ನಂಬಿ ಟೈರ್ ಹಾಕಿಸಿಕೊಳ್ತಾರೆ, ಅದಕ್ಕೇ ಈ ಪತ್ರ ಬರೀತಾ ಇದೀನಿ. ನನ್ನ ತಕರಾರು ಒಂದೇ, ಯಾವ ರಸ್ತೆಗೆ ಬೆಸ್ಟ್ ಅಂತ ಹೇಳದೆ ಬರೀ ಬೆಸ್ಟ್ ಅಂದ್ರೆ ಓದೋರಿಗೆ ಅರ್ಧ ಮಾಹಿತಿ ಕೊಟ್ಟ ಹಾಗೆ, ಟೈರ್ ವಿಷಯದಲ್ಲಿ ಅರ್ಧ ಮಾಹಿತಿ ತುಂಬಾ ಅಪಾಯ.

ಚಳಿಗಾಲದ ರಸ್ತೆ ಅಂದ್ರೆ ಎಲ್ಲರ ಕಣ್ಣಿಗೂ ಬೆಳ್ಳಗಿನ ಹಿಮಾನೇ ಬರತ್ತೆ. ನಿಜವಾಗಿ ನೋಡಿದ್ರೆ ಒಂದೇ ವಾರದಲ್ಲಿ ಒಣಗಿದ ತಣ್ಣನೆ ಡಾಂಬರು ಇರತ್ತೆ, ನೀರು ನಿಂತ ಡಾಂಬರು ಇರತ್ತೆ, ಹಿಮ ಅರ್ಧ ಕರಗಿ ರಾಡಿ ಆಗಿರೋ ಸ್ಲಶ್ ಇರತ್ತೆ, ಗಾಡಿ ಓಡಾಡಿ ಓಡಾಡಿ ಗಟ್ಟಿಯಾದ ಹಿಮ ಇರತ್ತೆ, ಇದೆಲ್ಲದರ ಮೇಲೆ ಕಣ್ಣಿಗೇ ಕಾಣದ ತೆಳು ಐಸ್ ಬೇರೆ. ಇವುಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. 50 ಕಿ.ಮೀ. ವೇಗದಲ್ಲಿ ಹೋಗ್ತಾ ಪೂರ್ತಿ ಬ್ರೇಕ್ ಒತ್ತಿದ್ರೆ, ಘರ್ಷಣೆಯ ಗುಣಾಂಕ (ರಸ್ತೆ ಕೊಡೋ ಹಿಡಿತದ ಅಳತೆ, ಕಮ್ಮಿ ಆದಷ್ಟೂ ಹೆಚ್ಚು ಜಾರತ್ತೆ) 0.8 ಇರೋ ಒಣ ಡಾಂಬರಿನ ಮೇಲೆ ಲೆಕ್ಕದ ಪ್ರಕಾರ ಸುಮಾರು 12 ಮೀಟರಿಗೆ ಕಾರು ನಿಲ್ಲತ್ತೆ, ಗುಣಾಂಕ 0.25 ಇರೋ ಗಟ್ಟಿ ಹಿಮದ ಮೇಲೆ ಅದೇ ಕಾರಿಗೆ 39 ಮೀಟರ್ ಬೇಕು, 0.1ಕ್ಕೆ ಇಳಿಯೋ ಐಸ್ ಮೇಲಾದ್ರೆ 98 ಮೀಟರ್. ಇದು ಡ್ರೈವರ್ ಕಾಲು ಪೆಡಲ್ ಮೇಲೆ ಬಿದ್ದ ಮೇಲಿನ ದೂರ ಮಾತ್ರ, ನೋಡಿ ಯೋಚನೆ ಮಾಡಿ ಕಾಲು ಎತ್ತೋ ಅಷ್ಟರಲ್ಲಿ ಹೋಗೋ ದೂರ ಬೇರೆ. ಇಷ್ಟು ಅಂತರ ಇರೋ ಮೇಲ್ಮೈಗಳನ್ನೆಲ್ಲ ಒಂದೇ ಮಾರ್ಕಿನಲ್ಲಿ ಕೂಡಿಸಿಬಿಟ್ರೆ ಆ ಮಾರ್ಕಿಗೆ ಏನರ್ಥ ಹೇಳಿ.

ವಿಂಟರ್ ಟೈರ್ ಅಂತ ಒಂದೇ ಹೆಸರಲ್ಲಿ ಮಾರೋದ್ರೊಳಗೇ ಎರಡು ಬೇರೆ ಜಾತಿ ಇದೆ, ಇದನ್ನ ಬಿಡಿಸಿ ಹೇಳೋ ಲೇಖನ ನಾನು ನೋಡಿರೋದು ಕಮ್ಮಿ. ಒಂದು ಮಧ್ಯ ಯುರೋಪಿನ ಥರದ್ದು, ಜರ್ಮನಿ, ಆಸ್ಟ್ರಿಯಾ ಕಡೆಯ ರಸ್ತೆಗಳಿಗೆ ಅಂತ ಮಾಡಿದ್ದು. ಅಲ್ಲಿ ಚಳಿ ಇದ್ರೂ ರಸ್ತೆ ಹೆಚ್ಚಿನ ದಿನ ಕಪ್ಪಗೇ ಇರತ್ತೆ, ಒದ್ದೆ ಇರತ್ತೆ, ಹೈವೇಲಿ ವೇಗವಾಗಿ ಹೋಗ್ತಾರೆ, ಹಾಗಾಗಿ ಈ ಟೈರಿನ ರಬ್ಬರ್ ಬೇಸಿಗೆ ಟೈರಿಗಿಂತ ಮೆತ್ತಗಿದ್ರೂ ತೀರಾ ಮೆತ್ತಗಲ್ಲ, ನೀರು ಹೊರಗೆ ತಳ್ಳೋ ಗ್ರೂವ್ ದೊಡ್ಡದಾಗಿರತ್ತೆ, 210 ಅಥವಾ 240 ಕಿ.ಮೀ. ತನಕ ವೇಗದ ರೇಟಿಂಗ್ ಸಿಗತ್ತೆ. ಇನ್ನೊಂದು ನಾರ್ಡಿಕ್ ಥರದ್ದು, ಫಿನ್ಲೆಂಡ್, ಸ್ವೀಡನ್, ನಾರ್ವೆಯ ಉತ್ತರದಂಥ ಕಡೆಗೆ, ರಸ್ತೆ ವಾರಗಟ್ಟಲೆ ಬೆಳ್ಳಗೇ ಇರೋ ಕಡೆಗೆ ಅಂತ ಮಾಡಿದ್ದು. ಇದರ ರಬ್ಬರ್ ತುಂಬಾ ಮೆತ್ತಗೆ, ಟ್ರೆಡ್ ಮೇಲೆ, ಅಂದ್ರೆ ಟೈರಿನ ರಸ್ತೆ ಮುಟ್ಟೋ ಭಾಗದ ಮೇಲೆ, ಬ್ಲೇಡಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳು ಒತ್ತೊತ್ತಾಗಿ ಇರತ್ತೆ, ಇದಕ್ಕೆ ಸೈಪ್ ಅಂತಾರೆ. ಮೈನಸ್ 20 ಡಿಗ್ರಿಯಲ್ಲೂ ಈ ರಬ್ಬರ್ ಕಲ್ಲಾಗಲ್ಲ, ಸೈಪಿನ ಅಂಚುಗಳು ಐಸ್ ಮೇಲೆ ಹಿಡಿತ ಹುಡುಕ್ತವೆ. ಆದ್ರೆ ಇದೇ ಟೈರನ್ನ ಪ್ಲಸ್ 5 ಡಿಗ್ರಿಯಲ್ಲಿ ಒದ್ದೆ ಹೈವೇ ಮೇಲೆ ಓಡಿಸಿ ನೋಡಿ, ಟ್ರೆಡ್ ಬ್ಲಾಕುಗಳು ಬಾಗಿಕೊಳ್ತವೆ, ಸ್ಟೀರಿಂಗ್ ತಿರುಗಿಸಿದ್ರೆ ಕಾರು ತಡವಾಗಿ ಮಾತು ಕೇಳತ್ತೆ, ಬ್ರೇಕ್ ದೂರ ಹೆಚ್ಚಾಗತ್ತೆ. ಐಸ್ ಮೇಲೆ ಯಾವ ಗುಣ ಕಾಪಾಡತ್ತೋ ಅದೇ ಗುಣ ಒದ್ದೆ ಡಾಂಬರಿನ ಮೇಲೆ ಕೈಕೊಡತ್ತೆ. ಎರಡೂ ಒಂದೇ ಟೈರಲ್ಲಿ ಪೂರ್ತಿ ಬೇಕು ಅಂದ್ರೆ ಆಗಲ್ಲ, ಯಾವ ಕಂಪನಿಯಾದ್ರೂ ಅಷ್ಟೇ.

ಇದನ್ನ ನಾನು ಹೇಳ್ತಿರೋದಷ್ಟೇ ಅಲ್ಲ, ಯುರೋಪಿನ ಟೈರ್ ಲೇಬಲ್ ಕಾನೂನೇ ಒಪ್ಪಿಕೊಂಡಿದೆ. 2021ರ ಮೇ 1ರಿಂದ ಜಾರಿಯಲ್ಲಿರೋ ಲೇಬಲಿನಲ್ಲಿ ಹಿಮದ ಗುರುತು ಬೇರೆ, ಐಸ್ ಹಿಡಿತದ ಗುರುತು ಬೇರೆ. ಐಸ್ ಗುರುತು ಇರೋ ಟೈರ್ ತೀವ್ರ ಚಳಿಯ ಕಡೆಗೆ ಮಾತ್ರ, ಅಷ್ಟು ಚಳಿ ಇಲ್ಲದ ಕಡೆ ಹಾಕಿದ್ರೆ ಒದ್ದೆ ರಸ್ತೆ ಹಿಡಿತ, ಹ್ಯಾಂಡ್ಲಿಂಗ್, ಸವೆತ ಇವೆಲ್ಲ ಕಮ್ಮಿ ಮಟ್ಟದಲ್ಲಿರಬಹುದು ಅಂತ ಆ ಕಾನೂನಿನಲ್ಲೇ ಎಚ್ಚರಿಕೆ ಇದೆ. ಅದೇ ಲೇಬಲಿನಲ್ಲಿ ಒದ್ದೆ ಹಿಡಿತಕ್ಕೆ ಎ ಇಂದ ಇ ತನಕ ದರ್ಜೆ ಇರತ್ತೆ, ಐಸ್ ಟೈರುಗಳು ಎಷ್ಟೋ ಸಲ ಕೆಳಗಿನ ದರ್ಜೆಯಲ್ಲೇ ಇರತ್ತೆ, ಅಂಗಡಿಯಲ್ಲಿ ಎರಡು ಲೇಬಲ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಯಾರಿಗಾದ್ರೂ ಕಾಣತ್ತೆ.

ಗುರುತುಗಳ ವಿಷಯ ಬಂತು ಅಂತ ಹೇಳ್ತೀನಿ. ಎಂ ಪ್ಲಸ್ ಎಸ್ (ಮಡ್ ಮತ್ತೆ ಸ್ನೋ, ಅಂದ್ರೆ ಕೆಸರು ಮತ್ತೆ ಹಿಮ) ಅನ್ನೋ ಗುರುತು ನೋಡಿ ಹಿಮಕ್ಕೆ ಆಗತ್ತೆ ಅಂತ ಎಷ್ಟೋ ಜನ ಅಂದುಕೊಂಡಿದಾರೆ, ಅದರ ಹಿಂದೆ ಯಾವ ಹಿಮದ ಪರೀಕ್ಷೆನೂ ಕಡ್ಡಾಯ ಇಲ್ಲ, ಟ್ರೆಡ್ ವಿನ್ಯಾಸ ನೋಡಿ ಕಂಪನಿಯವರೇ ಹಾಕಿಕೊಳ್ಳೋದು ಅದು. ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಇರೋ ಗುರುತಿಗೆ ಪರೀಕ್ಷೆ ಇದೆ, ಆದ್ರೆ ಅದು ಗಟ್ಟಿ ಹಿಮದ ಮೇಲೆ ಎಳೆತ ಇಲ್ಲಾ ಬ್ರೇಕ್ ಅಳೆಯೋ ಪರೀಕ್ಷೆ. ಐಸ್ ಮೇಲೆ ಅಲ್ಲ, ಸ್ಲಶ್ ಮೇಲೆ ಅಲ್ಲ, ತಿರುವಲ್ಲಿ ಹೇಗಿರತ್ತೆ ಅಂತಾನೂ ಅಲ್ಲ. ಮಧ್ಯ ಯುರೋಪಿನ ಟೈರಿಗೂ ಈ ಗುರುತು ಇರತ್ತೆ, ನಾರ್ಡಿಕ್ ಟೈರಿಗೂ ಇರತ್ತೆ, ಒಳ್ಳೆ ಆಲ್ ಸೀಸನ್ ಟೈರಿಗೂ ಇರತ್ತೆ, ಗುರುತು ಒಂದೇ ಅಂತ ಮೂರೂ ಒಂದೇ ಅಂದುಕೊಂಡ್ರೆ ಕಷ್ಟ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಚಳಿಗಾಲದ ರಸ್ತೆಗೆ ಬರೀ ಎಂ ಪ್ಲಸ್ ಎಸ್ ಸಾಲಲ್ಲ, ಬೆಟ್ಟದ ಗುರುತೇ ಬೇಕು. ಒಳ್ಳೇದೇ ಆಯ್ತು. ಆದ್ರೂ ಕಾನೂನು ಕೇಳೋದು ಕನಿಷ್ಠ ಮಟ್ಟ, ನಿಮ್ಮ ರಸ್ತೆ ಏನು ಕೇಳತ್ತೆ ಅನ್ನೋದು ಬೇರೆ ಪ್ರಶ್ನೆ.

ಹಾಗಾದ್ರೆ ರಸ್ತೆ ಏನು ಕೇಳತ್ತೆ ಅಂತ ತಿಳ್ಕೊಳೋದು ಹೇಗೆ? ನನ್ನ ಪ್ರಕಾರ ಮೊದಲು ನೋಡಬೇಕಾಗಿರೋದು ಉಪ್ಪು. ಇದನ್ನ ಟೈರ್ ಲೇಖನಗಳಲ್ಲಿ ಯಾರೂ ಯಾಕೆ ಬರೆಯಲ್ಲ ಅನ್ನೋದೇ ನನಗೆ ಬೇಜಾರು. ರಸ್ತೆಗೆ ಉಪ್ಪು ಹಾಕೋ ಕಡೆ ಹಿಮ ಕರಗಿ ನೀರಾಗತ್ತೆ, ಅಂದ್ರೆ ನೀವು ಚಳಿಗಾಲ ಪೂರ್ತಿ ಓಡಿಸೋದು ಹೆಚ್ಚುಕಮ್ಮಿ ಒದ್ದೆ ಡಾಂಬರು ಮತ್ತೆ ಸ್ಲಶ್ ಮೇಲೆ. ಅಲ್ಲಿ ಮಧ್ಯ ಯುರೋಪಿನ ಥರದ ಟೈರೇ ಸರಿ. ಆದ್ರೆ ಮೈನಸ್ 10ರ ಹತ್ರ ಹೋದ್ರೆ ಮಾಮೂಲಿ ಉಪ್ಪು ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕಿಂತ ಚಳಿ ಇರೋ ಊರುಗಳಲ್ಲಿ ಉಪ್ಪಿನ ಬದಲು ಮರಳು, ಜಲ್ಲಿ ಪುಡಿ ಹಾಕ್ತಾರೆ, ಹಿಮ ಅಲ್ಲೇ ಗಟ್ಟಿಯಾಗಿ ಕೂತುಬಿಡತ್ತೆ, ಆ ರಸ್ತೆಗೆ ನಾರ್ಡಿಕ್ ಥರದ್ದೇ ಬೇಕು. ಒಂದೇ ದೇಶದೊಳಗೇ ಹೈವೇಗೆ ಉಪ್ಪು ಹಾಕಿ ಹಳ್ಳಿ ರಸ್ತೆಗೆ ಹಾಕದೇ ಇರೋದೂ ಉಂಟು, ಆವಾಗ ಮನೆಯಿಂದ ಹೈವೇ ತನಕ ಇರೋ ಆ ಸಣ್ಣ ರಸ್ತೆ ಎಷ್ಟು ಉದ್ದ, ಎಷ್ಟು ಇಳಿಜಾರು ಅನ್ನೋದನ್ನೇ ಹೆಚ್ಚಾಗಿ ಲೆಕ್ಕಕ್ಕೆ ತಗೋಬೇಕು, ಯಾಕಂದ್ರೆ ಜಾರೋದು ಅಲ್ಲೇ.

ಗಟ್ಟಿ ಹಿಮ ನೋಡೋಕೆ ಭಯ ಆದ್ರೂ ಟೈರಿಗೆ ಅದು ಅಷ್ಟು ಕಷ್ಟ ಅಲ್ಲ. ಟ್ರೆಡ್ಡಿನ ಸಂದಿಯಲ್ಲಿ ಹಿಮ ತುಂಬಿಕೊಳ್ಳತ್ತೆ, ಹಿಮಕ್ಕೆ ಹಿಮ ಅಂಟತ್ತೆ, ಉಂಡೆ ಕಟ್ಟಿದಾಗ ಅಂಟಿಕೊಳ್ಳಲ್ವಾ ಹಾಗೆ, ಆ ಹಿಡಿತದಿಂದಲೇ ಕಾರು ಮುಂದೆ ಹೋಗತ್ತೆ. ಅದಕ್ಕೇ ಟ್ರೆಡ್ ಸವೆದು 4 ಮಿ.ಮೀ.ಗಿಂತ ಕಮ್ಮಿ ಆದ್ರೆ ವಿಂಟರ್ ಟೈರ್ ಹೆಸರಿಗಷ್ಟೇ, ಆಸ್ಟ್ರಿಯಾದಲ್ಲಿ ಕಾನೂನಿನ ಮಿತಿನೇ 4 ಮಿ.ಮೀ. ಸ್ಲಶ್ ಮಾತ್ರ ನಿಜವಾದ ಮೋಸಗಾರ. ನೀರಿಗಿಂತ ದಪ್ಪ, ಹಿಮದ ಹಾಗೆ ಹಿಡಿತ ಕೊಡಲ್ಲ, ಲೇನ್ ಬದಲಾಯಿಸುವಾಗ ನಡುವೆ ಬಿದ್ದಿರೋ ಸ್ಲಶ್ ಗುಡ್ಡೆ ಮೇಲೆ ಚಕ್ರ ಹತ್ತಿದ್ರೆ ಟೈರ್ ತೇಲಿಬಿಡತ್ತೆ. ಇಲ್ಲಿ ಅಗಲ ಟೈರಿಗಿಂತ ಕಿರಿದಾದ ಟೈರ್ ವಾಸಿ, ಅದು ಸ್ಲಶ್ಶನ್ನ ಸೀಳಿಕೊಂಡು ಕೆಳಗಿನ ರಸ್ತೆ ಮುಟ್ಟತ್ತೆ. ಕಾರಿನ ಪುಸ್ತಕದಲ್ಲಿ ಎರಡು ಮೂರು ಸೈಜ್ ಕೊಟ್ಟಿದ್ರೆ ಚಳಿಗಾಲಕ್ಕೆ ಕಿರಿದಾಗಿರೋದನ್ನ ತಗೊಳ್ಳಿ ಅಂತ ಅನುಭವಸ್ಥರು ಹೇಳೋದು ಇದಕ್ಕೇ.

ಐಸ್ ಬಗ್ಗೆ ಸ್ವಲ್ಪ ಉದ್ದ ಬರೀಬೇಕು. ತುಂಬಾ ಚಳಿ ಇದ್ರೆ ತುಂಬಾ ಜಾರತ್ತೆ ಅಂತ ಸಾಮಾನ್ಯ ನಂಬಿಕೆ, ಉಲ್ಟಾ ಇದು. ಸೊನ್ನೆ ಡಿಗ್ರಿ ಹತ್ರ ಇರೋ ಐಸ್ ಮೇಲೆ ತೆಳ್ಳಗೆ ನೀರಿನ ಪದರ ಇರತ್ತೆ, ಆಗಲೇ ಅದು ಅತಿ ಹೆಚ್ಚು ಜಾರೋದು, ಮೈನಸ್ 20ರಲ್ಲಿ ಅದೇ ಐಸ್ ಒಣಗಿದ ಹಾಗಿದ್ದು ಹಿಡಿತ ಹೆಚ್ಚು ಕೊಡತ್ತೆ. ಆ ನೀರಿನ ಪದರ ತೆಗೆಯೋಕೇ ಜಪಾನಿನ ಬ್ರಿಡ್ಜ್‌ಸ್ಟೋನ್ 1988ರಲ್ಲಿ ಬ್ಲಿಜಾಕ್ ಅಂತ ತಂದಿದ್ದು, ರಬ್ಬರಿನೊಳಗೇ ಸಣ್ಣ ಸಣ್ಣ ಗುಳ್ಳೆಗಳು ಇರ್ತವೆ, ಸವೆದಂತೆಲ್ಲ ಅವು ತೆರ್ಕೊಂಡು ನೀರು ಹೀರ್ಕೊಳ್ತವೆ. ಇನ್ನೊಂದು ದಾರಿ ಸ್ಟಡ್, ಅಂದ್ರೆ ಟೈರಲ್ಲಿ ಕೂರಿಸಿದ ಟಂಗ್‌ಸ್ಟನ್ ಕಾರ್ಬೈಡಿನ ಮೊಳೆ. ಒದ್ದೆ ಐಸ್ ಮೇಲೆ ಸ್ಟಡ್‌ಗೆ ಸಮ ಯಾವ್ದೂ ಇಲ್ಲ. ಆದ್ರೆ ಅದೇ ಮೊಳೆ ಬರೀ ಡಾಂಬರಿನ ಮೇಲೆ ಸದ್ದು ಮಾಡತ್ತೆ, ಹಿಡಿತ ಕಮ್ಮಿ ಮಾಡತ್ತೆ, ರಸ್ತೆಯನ್ನೇ ಕೆರೆದು ಧೂಳು ಮಾಡತ್ತೆ. ಜಪಾನಿನ ಸೆಂಡೈ ನಗರದಲ್ಲಿ 1980ರ ದಶಕದಲ್ಲಿ ಈ ಧೂಳು ಎಷ್ಟು ಕಾಡಿತ್ತು ಅಂದ್ರೆ 1990ರಲ್ಲಿ ಸ್ಪೈಕ್ ಟೈರ್ (ಸ್ಟಡ್ ಟೈರಿಗೆ ಅಲ್ಲಿನ ಹೆಸರು) ಧೂಳು ತಡೆಯೋಕೇ ದೇಶದಲ್ಲಿ ಕಾನೂನು ಬಂತು. ಜರ್ಮನಿ 1975ರಲ್ಲೇ ಸ್ಟಡ್ ನಿಲ್ಲಿಸ್ತು. ಸ್ಟಾಕ್‌ಹೋಮಿನ ಹೋರ್ನ್ಸ್‌ಗಾಟನ್ ರಸ್ತೆಯಲ್ಲಿ 2010ರಿಂದ ಸ್ಟಡ್ ಟೈರಿಗೆ ಪ್ರವೇಶ ಇಲ್ಲ, ಹಾಗಂತ ಸ್ವೀಡನ್ನಿನ ಉತ್ತರದಲ್ಲಿ ಅದನ್ನ ಬಿಟ್ಟು ಓಡಿಸೋರು ಕಮ್ಮಿ. ಒಂದೇ ಟೈರ್ ಒಂದು ಕಡೆ ಜೀವ ಉಳಿಸತ್ತೆ, ಇನ್ನೊಂದು ಕಡೆ ಉಸಿರಾಡೋ ಗಾಳಿ ಕೆಡಿಸತ್ತೆ, ಇದನ್ನ ರಸ್ತೆ ಹೆಸರು ಹೇಳದೆ ಒಳ್ಳೇದು ಕೆಟ್ಟದ್ದು ಅಂತ ಹೇಗೆ ತೀರ್ಮಾನ ಮಾಡ್ತೀರಿ?

7 ಡಿಗ್ರಿ ಕೆಳಗೆ ಬಂದ ತಕ್ಷಣ ವಿಂಟರ್ ಟೈರ್ ಹಾಕಿ ಅನ್ನೋದೂ ಎಲ್ಲ ಕಡೆ ಬರತ್ತೆ. ನೆನಪಿಟ್ಟುಕೊಳ್ಳೋಕೆ ಚೆನ್ನಾಗಿದೆ, ಆದ್ರೆ ಅದೇನು ಗೆರೆ ಎಳೆದ ಹಾಗಲ್ಲ. ಒಣ ರಸ್ತೆಯಲ್ಲಿ ಸೊನ್ನೆಗಿಂತ ಸ್ವಲ್ಪ ಮೇಲಿನ ತನಕವೂ ಒಳ್ಳೆ ಬೇಸಿಗೆ ಟೈರ್ ಬೇಗ ನಿಲ್ಲತ್ತೆ ಅಂತ ಪರೀಕ್ಷೆಗಳಲ್ಲಿ ಕಂಡಿದೆ. ಬೇಗ ಹಾಕಿ ಅನ್ನೋಕೆ ನಿಜವಾದ ಕಾರಣ ಏನಂದ್ರೆ, ಸಂಜೆ ಒಣಗಿದ್ದ ರಸ್ತೆ ಬೆಳಗ್ಗೆ ಐಸ್ ಆಗಿರಬಹುದು, ಬೇಸಿಗೆ ಟೈರಿಗೆ ಅಲ್ಲಿ ಹಿಡಿತ ಅನ್ನೋದೇ ಇರಲ್ಲ. ಆಲ್ ಸೀಸನ್ ಟೈರ್ ಬಗ್ಗೆ ಕೆಲವರು ಹಗುರವಾಗಿ ಮಾತಾಡ್ತಾರೆ, ನಾನು ಒಪ್ಪಲ್ಲ. ವರ್ಷಕ್ಕೆ ಒಂದೆರಡು ಸಲ ಹಿಮ ಬಿದ್ದು ಮಧ್ಯಾಹ್ನಕ್ಕೆ ಕರಗೋ ಊರಲ್ಲಿ, ಬೆಟ್ಟದ ಗುರುತಿರೋ ಆಲ್ ಸೀಸನ್ ಟೈರ್ ಸರಿಯಾದ ಆಯ್ಕೆ, ಐಸ್ ಇರೋ ಕಡೆ ಮಾತ್ರ ಅದನ್ನ ನಂಬಬೇಡಿ.

ಯಾವ ರಸ್ತೆಯಾದ್ರೂ ಬದಲಾಗದ ಮಾತು ಕೆಲವು ಇದೆ. ನಾಲ್ಕೂ ಚಕ್ರಕ್ಕೆ ಒಂದೇ ಥರ ಹಾಕಿ, ಮುಂದೆ ಮಾತ್ರ ಹಾಕಿದ್ರೆ ಬ್ರೇಕ್ ಹಿಡಿದಾಗ ಹಿಂಭಾಗ ತಿರುಗಿ ಮುಂದೆ ಬರತ್ತೆ. ಆಲ್ ವೀಲ್ ಡ್ರೈವ್ ಹೊರಡೋಕೆ ಸಹಾಯ ಮಾಡತ್ತೆ, ನಿಲ್ಲೋಕೆ ಮಾಡಲ್ಲ. ತಾಪಮಾನ 10 ಡಿಗ್ರಿ ಇಳಿದ್ರೆ ಟೈರ್ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯತ್ತೆ, ಆಗಾಗ ನೋಡಿಸ್ತಾ ಇರಿ.

ಈಗ ನಿಮ್ಮ ಪತ್ರಿಕೆ ಹತ್ರ ನನ್ನ ಕೋರಿಕೆ. ದೊಡ್ಡ ಪರೀಕ್ಷಾ ಸಂಸ್ಥೆಗಳು ಒಣ, ಒದ್ದೆ, ಹಿಮ, ಐಸ್ ಅಂತ ಬೇರೆ ಬೇರೆ ಅಂಕ ಕೊಟ್ಟೇ ಕೊಡ್ತವೆ. ಜರ್ಮನಿಯ ವಾಹನ ಮಾಲೀಕರ ಕ್ಲಬ್ ಎಡಿಎಸಿ 2023ರಿಂದ ಒಟ್ಟು ಅಂಕದಲ್ಲಿ 70 ಭಾಗ ಓಡಿಸುವಾಗಿನ ಸುರಕ್ಷತೆಗೆ, 30 ಭಾಗ ಪರಿಸರಕ್ಕೆ ಇಟ್ಟಿದೆ, ಸವೆತ, ಇಂಧನ ಎಲ್ಲ ಆ 30ರಲ್ಲೇ ಬರತ್ತೆ. ಅದು ಅವರ ದೇಶದ ರಸ್ತೆಗೆ ಅವರು ಮಾಡಿಕೊಂಡ ಲೆಕ್ಕ, ಅವರ ಮಟ್ಟಿಗೆ ಸರಿ. ಆ ಒಟ್ಟು ಅಂಕವನ್ನಷ್ಟೇ ಕನ್ನಡಕ್ಕೆ ತಂದು ಹಾಕಿದ್ರೆ ಕೆನಡಾದ ಹಳ್ಳಿಯಲ್ಲಿ ಇರೋ ಓದುಗನಿಗೆ ಅದು ತಪ್ಪು ದಾರಿ ತೋರಿಸಬಹುದು. ಇನ್ನು ಮುಂದೆ ಹೋಲಿಕೆ ಹಾಕುವಾಗ ಪ್ರತಿ ಮೇಲ್ಮೈಗೂ ಬೇರೆ ಕಾಲಮ್ ಕೊಡಿ, ಟೈರ್ ಯಾವ ಜಾತಿದು ಅಂತ ಹೆಸರಿನ ಪಕ್ಕದಲ್ಲೇ ಬರೀರಿ, ಪರೀಕ್ಷೆ ನಡೆದಾಗ ರಸ್ತೆಯ ತಾಪಮಾನ ಎಷ್ಟಿತ್ತು ಅಂತಾನೂ ಹಾಕಿ. ಜಾಗ ಸಾಲಲ್ಲ ಅಂದ್ರೆ ಒಟ್ಟು ಅಂಕದ ಕಾಲಮ್ಮನ್ನೇ ತೆಗೆದುಹಾಕಿ.

ಇತಿ,
ನಿಮ್ಮ ಒಬ್ಬ ಓದುಗ